ತಿರುವಿನ ಹೊರ ಅಂಚು ಎತ್ತಿದ್ದು: ನನ್ನ ಅನುಭವ

ಲಕ್ಷ್ಮೇಶ್ವರದ ಕಡೆ ಒಂದು ಜಲ್ಲಿ ಕ್ರಷರ್‌ಗೆ ಸ್ವಂತ ರಸ್ತೆ ಇದೆ. ಅದರ ಒಂದು ತಿರುವಿನಲ್ಲಿ ಒಂದೇ ವರ್ಷಕ್ಕೆ ಎರಡು ಲೋಡ್ ಟಿಪ್ಪರ್ ಮಗುಚಿದ್ದವು. ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಒಳ ಅಂಚಿಗಿಂತ ಎತ್ತರ ಮಾಡೋಣ ಅಂದೆ. "ಹಂಪ್ ಹಾಕ್ರಿ, ಸಾಕು" ಅಂದವರೇ ಎಲ್ಲ. ಹೊರ ಅಂಚು ಎತ್ತಿದರೆ ಗಾಡಿ ಒಳಗಡೆ ಬೀಳುತ್ತದೆ ಅಂತ ಡ್ರೈವರ್‌ಗಳು ವಾದ ಮಾಡಿದರು. ಈಗ ಎರಡು ಮಳೆಗಾಲ ಕಳೆದಿವೆ, ಒಂದೂ ಮಗುಚಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಧೈರ್ಯ ಕೊಟ್ಟವರು ಹುಬ್ಬಳ್ಳಿ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ನಮ್ಮ ಕಾಕಾ. "ತಮ್ಮಾ, ತಿರುವಿನ್ಯಾಗ ನಾವು ಹೊರಗಿನ ಹಳಿ ಎತ್ತೇ ಇರ್ತೀವಿ. ರೈಲು ಬಿದ್ದಾವೇನು?" ಅಂದರು.

ಮೊದಲು ರೇಡಿಯಸ್ ಬೇಕಿತ್ತು. ಒಳ ಅಂಚಿಗೆ 20 ಮೀಟರ್ ಹಗ್ಗ ಬಿಗಿಯಾಗಿ ಹಿಡಿದು ನಡುವಿನ ಅಂತರ ಅಳೆದೆ. ಒಂದೂಕಾಲು ಮೀಟರ್ ಬಂತು. ಅಂದರೆ ರೇಡಿಯಸ್ ಸುಮಾರು 40 ಮೀಟರ್. ಗಾಡಿಗಳು ಓಡುವುದು 30 ಕಿಲೋಮೀಟರ್ ವೇಗದಲ್ಲಿ. ರಸ್ತೆಗಳಿಗೆ ಮಾನದಂಡ ಹಾಕುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕ ಹಾಕಿದರೆ ಅಡ್ಡ ಏರು ಶೇ 10 ಬರುತ್ತದೆ (ಅಂದರೆ ನೂರು ಅಡಿ ಅಗಲಕ್ಕೆ ಹತ್ತು ಅಡಿ ಎತ್ತರದ ಲೆಕ್ಕ), ಆದರೆ ಬಯಲುಸೀಮೆಗೆ ಮಿತಿ ಶೇ 7. ಉಳಿದಿದ್ದನ್ನು ಟೈರಿನ ಹಿಡಿತ ನೋಡಿಕೊಳ್ಳುತ್ತದೆ.

ಆ ಮಿತಿಯನ್ನು ನಾನು ಮೊದಲು ಪಾಲಿಸಲಿಲ್ಲ. ಜಾಸ್ತಿ ಎತ್ತಿದಷ್ಟೂ ಒಳ್ಳೆಯದು ಅಂದುಕೊಂಡು ಶೇ 12 ಕೊಟ್ಟೆ. ಲೋಡ್ ಗಾಡಿ ನಿಧಾನವಾಗಿ ಬಂದಾಗ ಭಾರವೆಲ್ಲ ಒಳಗಿನ ಟೈರ್ ಮೇಲೆ ಕೂರತೊಡಗಿತು. ಮಳೆ ಬಂದ ದಿನ ಒಂದು ಟಿಪ್ಪರ್ ಮೆಲ್ಲಗೆ ಒಳಗಡೆ ಜಾರಿತು. ಅದರ ಮೇಲೆ, ಕೆಳಗಿನ ಎರೆ ಮಣ್ಣು ತೆಗೆಯದೆ ಗರಸು ಸುರಿದಿದ್ದೆ. ಮಣ್ಣು ಉಬ್ಬಿ, ಹೊರ ಅಂಚು ಸೀಳಿ ಕುಸಿಯಿತು. ಎಂಬತ್ತು ಸಾವಿರ ರೂಪಾಯಿ ಹೋಯಿತು. ಆ ತಿಂಗಳು ನಿದ್ದೆ ಬರಲಿಲ್ಲ.

ಎರಡನೇ ಸಲ ಎರೆ ಮಣ್ಣನ್ನು ಎರಡಡಿ ಅಗೆಸಿದೆ. ಅರವತ್ತರ ಹತ್ತಿರ ಲೋಡ್ ಗರಸು ಹೋಯಿತು. ಅರ್ಧರ್ಧ ಅಡಿ ಪದರ ಹಾಕಿ, ನೀರು ಹೊಡೆದು, ರೋಲರ್ ಓಡಿಸಿದೆ. ಈ ಸಲ ಶೇ 7ನ್ನೇ ಹಿಡಿದೆ, ಏಳು ಮೀಟರ್ ಅಗಲಕ್ಕೆ ಹೊರ ಅಂಚು ಒಂದೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ. ಜೆಸಿಬಿ, ರೋಲರ್ ಸೇರಿ ಮೂರು ಲಕ್ಷ ದಾಟಿತು. ಹೊರ ಅಂಚು ಬಿರಿಯದಂತೆ ಕೊನೆಯ ಪದರಕ್ಕೆ ಬೆರೆಸಿದ್ದು ಏನು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ದುಡ್ಡು ಹೋಗಿದೆ.

ನೇರ ರಸ್ತೆಯಿಂದ ತಿರುವಿನ ಏರಿಗೆ ಒಮ್ಮೆಲೇ ಹೋಗಬೇಡಿ. ಎರಡೂ ಕಡೆ ಸುಮಾರು 30 ಮೀಟರ್ ಬಿಟ್ಟು ಸ್ವಲ್ಪ ಸ್ವಲ್ಪವಾಗಿ ಎತ್ತಿದೆ. ಇಲ್ಲದಿದ್ದರೆ ಲೋಡ್ ಓಲಾಡುತ್ತದೆ.

ಎಲ್ಲರಿಗೂ ನಂಬಿಕೆ ಬಂದಿದ್ದು ಗೌಂಡಿಯ ತೂಗುಗುಂಡಿನಿಂದ. ಒಂದಡಿ ದಾರಕ್ಕೆ ಕಟ್ಟಿ ಕ್ಯಾಬಿನ್ ಒಳಗೆ ನೇತುಹಾಕಿದೆ, ಹಿಂದೆ ಸ್ಕೇಲ್ ಅಂಟಿಸಿದೆ. ಹಳೆಯ ರಸ್ತೆಯಲ್ಲಿ ಖಾಲಿ ಗಾಡಿ 30ರಲ್ಲಿ ತಿರುಗಿದಾಗ ಗುಂಡು ಎರಡು ಇಂಚಿಗಿಂತ ಜಾಸ್ತಿ ಹೊರಗೆ ಹೋಗುತ್ತಿತ್ತು. ಹೊಸದರಲ್ಲಿ ಒಂದೂಕಾಲು ಇಂಚು. ವೇಗ 19ರ ಆಸುಪಾಸು ಇಳಿಸಿದರೆ ಗುಂಡು ನಡುಗೆರೆ ಬಿಟ್ಟು ಅಲ್ಲಾಡುವುದೇ ಇಲ್ಲ! ಅದನ್ನು ನೋಡಿದ ಮೇಲೆ ಡ್ರೈವರ್‌ಗಳು ಸುಮ್ಮನಾದರು.

ಲೋಡ್ ಗಾಡಿಗೆ ಬೇರೆ ಏರು ಬೇಕಲ್ವಾ ಅಂತ ತುಂಬಾ ಜನ ಕೇಳಿದರು. ಬೇಡ. ಈ ಲೆಕ್ಕದಲ್ಲಿ ತೂಕ ಬರುವುದೇ ಇಲ್ಲ. ಮಗುಚಿಸುವುದು ಲೋಡಿನ ಎತ್ತರ. ಹಾಗಾಗಿ ಬಾಡಿಯ ಅಂಚಿಗಿಂತ ಮೇಲೆ ಜಲ್ಲಿ ತುಂಬುವುದನ್ನು ಮಾಲೀಕರು ನಿಲ್ಲಿಸಿದರು.

ಈಗ ನೀರೆಲ್ಲ ಒಳ ಅಂಚಿಗೇ ಹರಿಯುತ್ತದೆ. ಅಲ್ಲಿ ಗಟಾರ ಇರಲೇಬೇಕು. ಮಳೆಗಾಲದ ಮುಂಚೆ ಅದರ ಹೂಳು ತೆಗೆಸುತ್ತೇನೆ, ಜೆಸಿಬಿಗೆ ಒಂದೂವರೆ ತಾಸಿನ ಕೆಲಸ.