ರೈಲು ನಮ್ಮ ಜಾಗಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ? ನಾನು ಲೆಕ್ಕ ಹಾಕುವ ಬಗೆ

ರೈಲಿನ ಒಳ್ಳೆಯ ಫೋಟೊ ಸಿಗುವ ಜಾಗಗಳು ಹೆಚ್ಚಾಗಿ ಎರಡು ನಿಲ್ದಾಣಗಳ ನಡುವೆಯೇ ಇರುತ್ತವೆ. ಆ ಜಾಗದ ಸಮಯ ಯಾವ ವೇಳಾಪಟ್ಟಿಯಲ್ಲೂ ಇರುವುದಿಲ್ಲ, ನಾವೇ ಲೆಕ್ಕ ಹಾಕಬೇಕು.

ಮೊದಲು ಜಾಗದ ಕಿಲೋಮೀಟರ್ ತಿಳಿದುಕೊಳ್ಳುತ್ತೇನೆ. ವಿದ್ಯುತ್ ಮಾರ್ಗವಾದರೆ ತಂತಿ ಹೊತ್ತ ಕಂಬಗಳ ಮೇಲೆ 101/8 ಎಂಬಂಥ ಫಲಕ ಇರುತ್ತದೆ: 101 ಎನ್ನುವುದು ಕಿಲೋಮೀಟರ್, 8 ಎನ್ನುವುದು ಆ ಕಿಲೋಮೀಟರಿನಲ್ಲಿ ಕಂಬದ ಸಂಖ್ಯೆ. ಅಕ್ಕಪಕ್ಕದ ಎರಡು ನಿಲ್ದಾಣಗಳ ಪ್ಲಾಟ್‌ಫಾರಂ ಬಳಿಯ ಕಂಬಗಳ ಸಂಖ್ಯೆಯನ್ನೂ ಬರೆದುಕೊಳ್ಳುತ್ತೇನೆ. ವೇಳಾಪಟ್ಟಿಯಲ್ಲಿರುವ ದೂರವನ್ನು ಇದರ ಜೊತೆ ಬೆರೆಸಬಾರದು. ಅದು ರೈಲು ಹೊರಟ ಊರಿನಿಂದ ಎಣಿಸಿದ್ದು, ಕಂಬದ ಎಣಿಕೆ ಶುರುವಾಗುವ ಜಾಗ ಬೇರೆ.

ಹಿಂದಿನ ನಿಲ್ದಾಣ 96ರಲ್ಲಿ, ಮುಂದಿನದು 110ರಲ್ಲಿ ಇದೆ ಎಂದುಕೊಳ್ಳಿ. ರೈಲು ಎರಡರಲ್ಲೂ ನಿಲ್ಲದೆ 10:20ಕ್ಕೆ ಮತ್ತು 10:32ಕ್ಕೆ ದಾಟಿದರೆ 14 ಕಿ.ಮೀ.ಗೆ 12 ನಿಮಿಷ. 101ಕ್ಕೆ 5 ಕಿ.ಮೀ., ಅಂದರೆ ಸುಮಾರು 10:24. ಹಿಂದಿನ ನಿಲ್ದಾಣದಲ್ಲಿ ನಿಂತು ಹೊರಡುವ ರೈಲಾದರೆ ವೇಗ ಹಿಡಿಯಲು ಸಮಯ ಬೇಕು, ಅದಕ್ಕೆ ಒಂದೆರಡು ನಿಮಿಷ ಸೇರಿಸಿ. 3600ನ್ನು ವೇಗದಿಂದ ಭಾಗಿಸಿದರೆ ಒಂದು ಕಿ.ಮೀ.ಗೆ ಎಷ್ಟು ಸೆಕೆಂಡ್ ಎಂದು ಸಿಗುತ್ತದೆ: ಗಂಟೆಗೆ 110 ಕಿ.ಮೀ. ವೇಗದಲ್ಲಿ 33 ಸೆಕೆಂಡ್, 60ರಲ್ಲಿ ಪೂರಾ ಒಂದು ನಿಮಿಷ.

ಆ ದಿನ ರೈಲು ಎಲ್ಲಿದೆ ಎಂದು ನೋಡಲು ರೈಲ್ವೆಯದೇ ಆದ ಎನ್‌ಟಿಇಎಸ್ ಆ್ಯಪ್ ಅಥವಾ 'ವೇರ್ ಈಸ್ ಮೈ ಟ್ರೈನ್' ಆ್ಯಪ್ ಸಾಕು. ಎರಡು ನಿಲ್ದಾಣಗಳ ನಡುವೆ ಸರಿಯುವ ಗುರುತನ್ನು ನಾನು ನೆಚ್ಚುವುದಿಲ್ಲ, ಎಷ್ಟೋ ಸಲ ಅದು ಬರೀ ಅಂದಾಜು. 'ಇಂಥ ನಿಲ್ದಾಣ ಇಷ್ಟು ಹೊತ್ತಿಗೆ ಬಿಟ್ಟಿದೆ' ಎಂಬ ದಾಖಲೆಯಿಂದಲೇ ಲೆಕ್ಕ ಶುರು. ಕೊನೆಯ ನಿಲ್ದಾಣಕ್ಕೆ ಹತ್ತಿರದ ಜಾಗದಲ್ಲಿ ಇನ್ನೂ ಎಚ್ಚರ ಬೇಕು. ತಡವನ್ನು ಸರಿದೂಗಿಸಲು ವೇಳಾಪಟ್ಟಿಯಲ್ಲಿ ಅಲ್ಲಿ ಹೆಚ್ಚುವರಿ ನಿಮಿಷಗಳನ್ನು ಇಟ್ಟಿರುತ್ತಾರೆ. ಹದಿನೈದು ನಿಮಿಷದ ದಾರಿಗೆ ಅರ್ಧ ಗಂಟೆ ಬರೆದಿದ್ದರೆ ನಡುವಿನ ಜಾಗದ ಲೆಕ್ಕ ಪೂರ್ತಿ ತಪ್ಪುತ್ತದೆ. ಅದೇ ತುಂಡಿನಲ್ಲಿ ಎದುರು ದಿಕ್ಕಿಗೆ ಹೋಗುವ ರೈಲಿನ ಸಮಯ ನೋಡಿ, ನಿಜವಾದ ಓಟ ಗೊತ್ತಾಗುತ್ತದೆ.

ಒಂಟಿ ಹಳಿಯಲ್ಲಿ ಕ್ರಾಸಿಂಗ್, ಅಂದರೆ ಎದುರುಬದುರು ಗಾಡಿಗಳು ಒಂದನ್ನೊಂದು ದಾಟುವ ಜಾಗ, ಗೊತ್ತಿಲ್ಲದೆ ಏನೂ ಹೇಳಲಾಗುವುದಿಲ್ಲ. ಎದುರಿನಿಂದ ಬರುವ ಗಾಡಿಗಳನ್ನೂ ಪಟ್ಟಿ ಮಾಡಿ, ಯಾವ ನಿಲ್ದಾಣದಲ್ಲಿ ಎದುರಾಗುತ್ತವೆ ಎಂದು ಗುರುತು ಹಾಕುತ್ತೇನೆ. ಒಂದು ತಡವಾದರೆ ಕ್ರಾಸಿಂಗ್ ಇನ್ನೊಂದು ನಿಲ್ದಾಣಕ್ಕೆ ಜರುಗಿ, ಸರಿಯಾದ ಸಮಯಕ್ಕೆ ಓಡುತ್ತಿದ್ದ ಗಾಡಿಯೂ ಲೂಪಿನಲ್ಲಿ (ನಿಲ್ದಾಣದಲ್ಲಿ ಮೇನ್ ಲೈನಿನ ಪಕ್ಕದ ಹಳಿಯಲ್ಲಿ) ಕಾಯುತ್ತದೆ. ನಿಲ್ದಾಣದ ಹೋಮ್ ಸಿಗ್ನಲ್ (ಒಳಬರುವ ಗಾಡಿಗೆ ಇರುವ ಸಿಗ್ನಲ್) ಕಾಣುವಂತಿದ್ದರೆ ಇದನ್ನು ಕಣ್ಣಾರೆ ನೋಡಬಹುದು: ಹಳದಿಯ ಜೊತೆ ಮೇಲೆ ಓರೆಯಾಗಿ ಐದು ಬಿಳಿ ದೀಪಗಳ ಸಾಲು ಹೊತ್ತಿದರೆ ಗಾಡಿ ಲೂಪಿಗೆ ಹೋಗುತ್ತದೆ. ಹಸಿರಿದ್ದರೆ ಮೇನ್ ಲೈನಿನಲ್ಲಿ ನಿಲ್ಲದೆ ಓಡುತ್ತದೆ, ಕ್ಯಾಮೆರಾ ಹಿಡಿಯಿರಿ.

ಗೂಡ್ಸ್ ಗಾಡಿಗಳು ಈ ಆ್ಯಪ್‌ಗಳಲ್ಲಿ ಕಾಣುವುದಿಲ್ಲ, ಅವಕ್ಕೆ ಸಿಗ್ನಲ್ಲೇ ಆಧಾರ. ಎರಡು ನಿಲ್ದಾಣಗಳ ನಡುವೆ ಒಂದು ಸಲಕ್ಕೆ ಒಂದೇ ಗಾಡಿ ಬಿಡುವ ಸಾಮಾನ್ಯ ಬ್ಲಾಕ್ ಪದ್ಧತಿಯ ಮಾರ್ಗದಲ್ಲಿ ನಿಲ್ದಾಣದ ಸಿಗ್ನಲ್ ಕೆಂಪಾಗಿಯೇ ಇದ್ದು ಗಾಡಿಗಾಗಿ ಮಾತ್ರ ಬದಲಾಗುತ್ತದೆ. ಪಟ್ಟಿಯಲ್ಲಿ ಯಾವ ರೈಲೂ ಇಲ್ಲದಾಗ ಸಿಗ್ನಲ್ ಕೊಟ್ಟರೆ ಬರುವುದು ಗೂಡ್ಸ್ ಅಥವಾ ಒಂಟಿ ಎಂಜಿನ್. ಆದರೆ ಕಂಬದಲ್ಲಿ 'ಎ' ಅಕ್ಷರದ ದುಂಡು ಗುರುತಿದ್ದರೆ ಅದು ಆಟೋಮ್ಯಾಟಿಕ್ ಸಿಗ್ನಲ್. ಮುಂದೆ ಹಳಿ ಖಾಲಿ ಇದ್ದಾಗಲೆಲ್ಲ ಅದು ಹಸಿರಾಗಿಯೇ ಇರುತ್ತದೆ, ಗಾಡಿ ಬರುತ್ತದೆ ಎಂದು ಅದರಿಂದ ತಿಳಿಯುವುದಿಲ್ಲ. ಅದು ಕೆಂಪಿಗೆ ತಿರುಗಿದರೆ ಗಾಡಿ ಆಗಲೇ ದಾಟಿದೆ. ಅಂಥ ಕಡೆ ಲೆವೆಲ್ ಕ್ರಾಸಿಂಗ್ ಹೆಚ್ಚು ಉಪಯೋಗ: ಗೇಟ್ ಹಾಕಿದರೆ ಕೆಲವೇ ನಿಮಿಷದಲ್ಲಿ ಗಾಡಿ ಬರುತ್ತದೆ, ಯಾವ ದಿಕ್ಕಿನಿಂದ ಎಂದು ಮಾತ್ರ ಗೊತ್ತಾಗುವುದಿಲ್ಲ.

ಹಗಲಲ್ಲಿ ಎರಡು ಮೂರು ಗಂಟೆ ಒಂದೂ ಗಾಡಿ ಬಾರದಿದ್ದರೆ ಹಳಿ ಅಥವಾ ತಂತಿಯ ಕೆಲಸಕ್ಕೆ ಬ್ಲಾಕ್ ತೆಗೆದುಕೊಂಡಿರಬಹುದು, ಅಂದರೆ ಗಾಡಿಗಳ ಓಟ ನಿಲ್ಲಿಸಿರಬಹುದು. ಜಾಗ ಬಿಟ್ಟು ಹೋಗಬೇಡಿ. ಬ್ಲಾಕ್ ಮುಗಿಯುತ್ತಿದ್ದಂತೆ ತಡೆದಿಟ್ಟ ಗಾಡಿಗಳು ಒಂದರ ಹಿಂದೆ ಒಂದು ಬರುತ್ತವೆ. ನಿಲ್ಲುವುದು ಮಾತ್ರ ರಸ್ತೆಯ ಮೇಲೆ, ಮೇಲ್ಸೇತುವೆಯ ಮೇಲೆ ಅಥವಾ ಮಾಲೀಕರನ್ನು ಕೇಳಿಕೊಂಡು ಹೊಲದ ಬದುವಿನಲ್ಲಿ. ಅನುಮತಿಯಿಲ್ಲದೆ ಹಳಿಗೆ ಇಳಿದರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ. ಕೊಂಕಣ ರೈಲ್ವೆಯ ಕಡೆ ಹೋಗುವವರು ಮಳೆಗಾಲದ ವೇಳಾಪಟ್ಟಿಯನ್ನು ಬೇರೆಯಾಗಿ ನೋಡಿಕೊಳ್ಳಿ. ಆಗ ಗಾಡಿಗಳ ವೇಗ ಕಡಿಮೆ, ಬೇಸಿಗೆಯಲ್ಲಿ ಬರೆದಿಟ್ಟ ಲೆಕ್ಕ ಅಲ್ಲಿ ನಡೆಯುವುದಿಲ್ಲ.