ಮೊದಲ ರೀಫ್ ಟ್ಯಾಂಕಿಗೆ ಯಾವ ಹವಳ ತರಬೇಕು?

ಹೊಸ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಹವಳ ಸೊರಗುವುದು ನೀರಿನ ಅಂಕಿಗಳು ಒಂಚೂರು ಆಚೀಚೆ ಇರುವುದರಿಂದಲ್ಲ, ದಿನಕ್ಕೊಂದು ತರ ಆಗುವುದರಿಂದ. ಕೊಳೆಯಿಂದ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಇಳಿದ ಮೇಲೂ ಕೆಲವು ವಾರ ತಡೆಯಿರಿ. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ ಇಷ್ಟು ಪಾಲು), ಉಷ್ಣತೆ 25-26 ಡಿಗ್ರಿ ಸೆಲ್ಸಿಯಸ್, ಆಲ್ಕಲಿನಿಟಿ (ನೀರು ಆಮ್ಲವಾಗದಂತೆ ತಡೆಯುವ ಶಕ್ತಿ) ಅದರ ಅಳತೆಯಾದ ಡಿಕೆಎಚ್‌ನಲ್ಲಿ 8-9, ಕ್ಯಾಲ್ಸಿಯಂ 400-450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು): ಇಷ್ಟು ಎರಡು ವಾರ ಕದಲದೆ ನಿಂತರೆ ಮೊದಲ ಹವಳ ತರಬಹುದು. ನೈಟ್ರೇಟ್, ಫಾಸ್ಫೇಟ್‌ಗಳನ್ನು ಪೂರ್ತಿ ಸೊನ್ನೆ ಮಾಡಬೇಡಿ. ಮೆದು ಹವಳಗಳಿಗೆ ಅವು ಬೇಕು; ನೈಟ್ರೇಟ್ 5-10, ಫಾಸ್ಫೇಟ್ 0.03-0.1 ಪಿಪಿಎಂ ಇದ್ದರೆ ಚೆನ್ನ.

ಮೊದಲು ಮಶ್ರೂಮ್ ಎಂಬ ಮೆದು ಹವಳ ತನ್ನಿ, ಅದರಲ್ಲೂ ಡಿಸ್ಕೊಸೋಮ ಎಂಬ ಬಗೆ. ಮಂದ ಬೆಳಕು, ನಿಧಾನದ ಹರಿವು ಸಾಕು. ಮೈಯೆಲ್ಲ ಲೋಳೆ ಇರುವುದರಿಂದ ಅಂಟು ಹಿಡಿಯುವುದಿಲ್ಲ. ಚಿಕ್ಕ ಬಟ್ಟಲಿಗೆ ಕಲ್ಲಿನ ಚೂರು ತುಂಬಿ, ಮೇಲೆ ಮಶ್ರೂಮ್ ಇಟ್ಟು ಬಲೆ ಬಟ್ಟೆ ಕಟ್ಟಿ. ಒಂದೆರಡು ವಾರದಲ್ಲಿ ತಾನಾಗಿ ಒಂದು ಚೂರನ್ನು ಕಚ್ಚಿಕೊಳ್ಳುತ್ತದೆ. ಆ ಚೂರನ್ನೇ ಬಂಡೆಗೆ ಅಂಟಿಸಿ.

ಜೋಆಂತಿಡ್‌ಗಳೆಂಬ ಗುಂಡಿಯಂಥ ಪುಟ್ಟ ಹವಳಗಳು ಬಣ್ಣಕ್ಕೆ ಹೆಸರಾದವು, ಗಟ್ಟಿಯೂ ಹೌದು. ಆದರೆ ಇವುಗಳಲ್ಲಿ, ಮುಖ್ಯವಾಗಿ ಪಾಲಿಥೋವಾ ಎಂಬ ಬಗೆಯಲ್ಲಿ, ಪಾಲಿಟಾಕ್ಸಿನ್ ಎಂಬ ಉಗ್ರ ವಿಷ ಇರಬಹುದು. ಮುಟ್ಟುವಾಗ ಕೈಗವಸು, ಕತ್ತರಿಸುವಾಗ ಕನ್ನಡಕ ಕಡ್ಡಾಯ. ಇವು ಅಂಟಿದ ಕಲ್ಲನ್ನು ಕುದಿಸುವುದಾಗಲಿ, ಬಿಸಿನೀರು ಸುರಿಯುವುದಾಗಲಿ ಎಂದೂ ಬೇಡ: ಆ ಹಬೆ ಉಸಿರಿಗೆ ಹೋಗಿ ಇಡೀ ಮನೆಯವರು ಆಸ್ಪತ್ರೆ ಸೇರಿದ್ದುಂಟು.

ಗ್ರೀನ್ ಸ್ಟಾರ್ ಪಾಲಿಪ್ ಎಂಬ ಮೆದು ಹವಳ (ಪಾಲಿಪ್ ಎಂದರೆ ಹವಳ ಗುಂಪಿನ ಒಂದೊಂದು ಪುಟ್ಟ ಜೀವಿ) ಸಾಯುವುದಕ್ಕಿಂತ ಹಬ್ಬುವುದೇ ಚಿಂತೆ. ಅದರ ನೇರಳೆ ಚಾಪೆ ಮುಖ್ಯ ಬಂಡೆಗೆ ಹತ್ತಿದರೆ ಸುಲಿದು ತೆಗೆಯುವುದು ಬಲು ಕಷ್ಟ. ಮರಳಿನ ನಡುವೆ ಪ್ರತ್ಯೇಕ ಕಲ್ಲಿನ ಮೇಲೆ, ಸುತ್ತ 10-15 ಸೆಂಟಿಮೀಟರ್ ಜಾಗ ಬಿಟ್ಟು ಕೂರಿಸಿ. ಝೀನಿಯಾ, ಕೆನ್ಯಾ ಟ್ರೀ ಎಂಬ ಮೆದು ಹವಳಗಳಿಗೂ ಇದೇ ಮಾತು.

ಟೋಡ್‌ಸ್ಟೂಲ್ ಲೆದರ್ ಎಂಬ ಅಣಬೆಯಾಕಾರದ ಮೆದು ಹವಳ ಆಗಾಗ ಮುದುಡಿ, ಮೈಮೇಲೆ ಮೇಣದಂಥ ಪೊರೆ ಕಟ್ಟಿಕೊಂಡು ದಿನಗಟ್ಟಲೆ ಕೂರುತ್ತದೆ. ರೋಗವೆಂದು ಹೆದರಿ ಜಾಗ ಬದಲಿಸಬೇಡಿ, ಹರಿವು ಸ್ವಲ್ಪ ಹೆಚ್ಚಿಸಿದರೆ ಪೊರೆ ಕಳಚುತ್ತದೆ. ಇದು ನೀರಿಗೆ ಬಿಡುವ ರಾಸಾಯನಿಕ ನೆರೆಯ ಹವಳಗಳನ್ನು ಕಾಡುವುದರಿಂದ ಅದನ್ನು ಹೀರುವ ಇದ್ದಿಲು, ಅಂದರೆ ಆಕ್ಟಿವೇಟೆಡ್ ಕಾರ್ಬನ್ ಇಟ್ಟಿರಿ.

ಕಲ್ಲುಹವಳವೇ ಬೇಕೆಂದರೆ ಡಂಕನ್ ಅಥವಾ ಕ್ಯಾಂಡಿ ಕೇನ್. ಇವು ಅಸ್ಥಿ ಕಟ್ಟಲು ಆಲ್ಕಲಿನಿಟಿಯನ್ನು ಹೀರುತ್ತವೆ, ಹಾಗಾಗಿ ವಾರಕ್ಕೊಮ್ಮೆ ಅಳೆಯಲೇಬೇಕು. ಅಕ್ರೊಪೊರಾ, ಗೋನಿಯೊಪೊರಾ ಎಂಬ ನಾಜೂಕು ಕಲ್ಲುಹವಳಗಳು ಈಗ ಬೇಡ. ಸನ್ ಕೋರಲ್ ನೋಡಲು ಮುದ್ದು, ಆದರೆ ಬೆಳಕಿನಿಂದ ಆಹಾರ ತಯಾರಿಸುವ ಪಾಚಿ ಅದರೊಳಗಿಲ್ಲ. ಒಂದೊಂದು ಪಾಲಿಪ್‌ಗೂ ಕೈಯಾರೆ ಉಣಿಸಬೇಕು.

ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಅಂಚು ನೋಡಿ. ಡಂಕನ್ನಿನ ಮಾಂಸ ಹಿಂದೆ ಸರಿದು ಬಿಳಿ ಅಸ್ಥಿ ಕಂಡರೆ, ಕಂದು ಲೋಳೆ ತೂಗುತ್ತಿದ್ದರೆ ಬಿಟ್ಟುಬಿಡಿ. ಬುಡದಲ್ಲಿ ಪಾರದರ್ಶಕ ಕಂದು ಕಾಂಡದ ಪುಟ್ಟ ಹೂವಿನಂಥದ್ದು ಕಂಡರೆ ಅದು ಐಪ್ಟೇಸಿಯಾ ಎಂಬ ಕಳೆಯಂಥ ಪುಟ್ಟ ಜೀವಿ, ಒಂದು ಬಂದರೆ ಟ್ಯಾಂಕೆಲ್ಲ ಹರಡುತ್ತದೆ.

ಮನೆಗೆ ತಂದು ಚೀಲವನ್ನು 15-20 ನಿಮಿಷ ತೇಲಿಬಿಡಿ. ಬಳಿಕ ಟ್ಯಾಂಕಿನ ನೀರು ತುಂಬಿದ ಬೇರೆ ಪಾತ್ರೆಯಲ್ಲಿ ಕೋರಲ್ ಡಿಪ್ (ಹವಳಕ್ಕೆ ಅಂಟಿದ ಹುಳು ತೆಗೆಯುವ ದ್ರಾವಣ) ಅನ್ನು ಬಾಟಲಿಯ ಮೇಲಿನ ಅಳತೆಯಂತೆ ಕದಡಿ, ಬಾಟಲಿಯಲ್ಲಿ ಹೇಳಿದಷ್ಟೇ ಹೊತ್ತು ಹವಳವನ್ನು ಅದ್ದಿ. ಪಿಚಕಾರಿಯಿಂದ ಸಂದುಗಳಿಗೆ ನೀರು ಚಿಮ್ಮಿಸಿ, ಇನ್ನೊಂದು ಪಾತ್ರೆಯ ಶುದ್ಧ ಟ್ಯಾಂಕ್ ನೀರಲ್ಲಿ ತೊಳೆಯಿರಿ. ಡಿಪ್ ಹುಳುಗಳನ್ನು ಉದುರಿಸುತ್ತದೆ, ಮೊಟ್ಟೆಗಳನ್ನಲ್ಲ. ಅದಕ್ಕೇ ಹವಳ ಕೂತಿರುವ ಹಳೆಯ ಪ್ಲಗ್ (ಪುಟ್ಟ ಬಿಲ್ಲೆ) ಕಿತ್ತು ಹೊಸದಕ್ಕೆ ಜೆಲ್ ಸೂಪರ್‌ಗ್ಲೂನಿಂದ ಅಂಟಿಸುವುದು ಒಳ್ಳೆಯದು.

ಮೊದಲ ವಾರ ಎಲ್ಲವೂ ತಳದಲ್ಲೇ ಇರಲಿ. ಆಮೇಲೆ ಮಶ್ರೂಮ್ ಕಾಂಡದಂತೆ ಮೇಲಕ್ಕೆ ಉದ್ದವಾದರೆ ಬೆಳಕು ಸಾಲದು, ಚಿಕ್ಕದಾಗಿ ಕುಗ್ಗಿ ಮಾಸಿದರೆ ಹೆಚ್ಚಾಗಿದೆ. ಒಂದು ಸಲಕ್ಕೆ ಸ್ವಲ್ಪವೇ ಮೇಲಕ್ಕೋ ಕೆಳಕ್ಕೋ ಸರಿಸಿ, ವಾರ ಕಾದು ನೋಡಿ.