ಮೀನಂಗಡಿಯ ತಲೆಗಳೂ ಮೊರಾಕೊದ ಚೂರುಗಳೂ

ಮೈಸೂರಿನಲ್ಲಿ ಕೂತು ಮೀನಿನ ಪಳೆಯುಳಿಕೆ ಗುರುತಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಅವರ ಮಾತಲ್ಲೂ ಹುರುಳಿತ್ತು ಬಿಡಿ. ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ. ಆಗಿನ್ನೂ ಮೀನೇ ಹುಟ್ಟಿರಲಿಲ್ಲ. ಹಾಗಾಗಿ ನಾನು ದುಡ್ಡು ಕೊಟ್ಟು ತರಿಸಿದ್ದು ಮೊರಾಕೊದ ಫಾಸ್ಫೇಟ್ ಗಣಿ ಕಡೆಯ ಚೂರುಗಳನ್ನು. ಹೆಚ್ಚುಕಮ್ಮಿ 7 ಕೋಟಿಯಿಂದ 5 ಕೋಟಿ ವರ್ಷ ಹಳೆಯ ಕಡಲಿನವು. ಒಂದು ಹಿಡಿ ಚೂರಿಗೆ ಕೊರಿಯರ್ ಸೇರಿ ಸಾವಿರದೈನೂರರ ಆಸುಪಾಸು. ಪೊಟ್ಟಣದ ಮೇಲಿನ ಚೀಟಿಯಲ್ಲಿ ಬರೆದಿದ್ದು ‘ಶಾರ್ಕ್ ಹಲ್ಲು’ ಅಂತ ಮಾತ್ರ. ಒಳಗಿದ್ದದ್ದು ಹತ್ತಾರು ಬಗೆ.

ಮೊದಲು ಫೋಟೋ ಇಟ್ಟುಕೊಂಡು ಹೋಲಿಸಿದೆ. ಫೋಟೋದಲ್ಲಿ ಇಡೀ ಹಲ್ಲು, ನಮ್ಮ ಕೈಲಿ ಅದರ ಕಾಲು ಭಾಗ. ಮೊಬೈಲ್ ಆಪ್ ಒಂದೇ ಚೂರಿಗೆ ಬೆಳಿಗ್ಗೆ ಒಂದು ಹೆಸರು ಹೇಳಿತು, ಸಂಜೆ ಇನ್ನೊಂದು. ಅಂಟಿಕೊಂಡ ಕಲ್ಲು ಬಿಡಿಸಲು ವಿನಿಗರ್‌ನಲ್ಲಿ ರಾತ್ರಿಯಿಡೀ ನೆನೆಸಿದರೆ ಕಲ್ಲಿನ ಜೊತೆ ಹಲ್ಲಿನ ಬೇರೂ ಪುಡಿ ಪುಡಿ. ಅಷ್ಟೊತ್ತಿಗೆ ಆರೇಳು ಸಾವಿರ ಹೋಗಿತ್ತು. ಈಗಲೂ ವಿನಿಗರ್ ಬಳಸುತ್ತೇನೆ. ಆದರೆ ಎಷ್ಟು ನೀರು ಬೆರೆಸುತ್ತೇನೆ, ಜೊತೆಗೆ ಏನು ಹಾಕುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ಕೊನೆಗೆ ಕೈ ಹಿಡಿದದ್ದು ಮೀನಂಗಡಿ. ಹೆಸರು ಆಮೇಲೆ ಹುಡುಕೋಣ, ಮೊದಲು ಇದು ಮೀನಿನ ಮೈಯ ಯಾವ ಭಾಗ ಅಂತ ತಿಳಿಯೋಣ ಅಂತ ಹೊರಟೆ. ಕಾಟ್ಲಾ, ರೋಹು, ಬಾಳೆ ಮೀನು, ಹೀಗೆ ಸಿಕ್ಕ ತಲೆಗಳನ್ನೆಲ್ಲ ತಂದೆ. ‘ಬರೀ ತಲೆ ಒಯ್ತೀರಲ್ಲಾ ಸಾ, ನಾಯಿ ಸಾಕಿದ್ದೀರಾ?’ ಅಂತ ಅಂಗಡಿಯವನು ಕೇಳಿದ. ಹೂಂ ಅಂದೆ. ಕುದಿಸಿ, ಬಟ್ಟೆ ಸೋಪಿನ ಪುಡಿಯಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಂದೊಂದು ಮೂಳೆಗೂ ಚೀಟಿ ಅಂಟಿಸಿದೆ. ಖರ್ಚು ಮುನ್ನೂರು ದಾಟಿಲ್ಲ. ವಾಸನೆಗೆ ಮನೆಯವಳು ಎರಡು ದಿನ ಮಾತು ಬಿಟ್ಟಿದ್ದು ಬೇರೆ.

ಕಾಟ್ಲಾದ ದವಡೆಯಲ್ಲಿ ಹಲ್ಲೇ ಇಲ್ಲ, ಇರೋದೆಲ್ಲ ಗಂಟಲಲ್ಲಿ. ಅದನ್ನು ಕೈಯಾರೆ ಬಿಡಿಸಿ ನೋಡಿದ ಮೇಲೆ, ಹಲ್ಲಿಲ್ಲದ ಮೂಳೆಯನ್ನೆಲ್ಲ ‘ದವಡೆ ಅಲ್ಲ’ ಅಂತ ಪಕ್ಕಕ್ಕೆ ತಳ್ಳೋದನ್ನು ಬಿಟ್ಟೆ. ಬೆನ್ನುಮೂಳೆಯ ಮಣಿಯ ಎರಡೂ ಮುಖ ಒಳಕ್ಕೆ ತಗ್ಗು, ಪಕ್ಕದಿಂದ ನೋಡಿದರೆ ಡಮರು. ಅದರ ಮೇಲೆ ಮುಳ್ಳು ಮುರಿದ ಮೊಂಡು ಗುರುತು ಇದ್ದರೆ ಮೂಳೆ ಮೀನು, ಅಂದ್ರೆ ಕಾಟ್ಲಾದಂತೆ ಗಟ್ಟಿ ಮೂಳೆಯ ಮೀನು. ಶಾರ್ಕಿನ ಮಣಿ ಗಿಡ್ಡ ಬಿಲ್ಲೆ, ಆ ಮೊಂಡು ಇರಲ್ಲ. ತೊರಕೆ (ಚಪ್ಪಟೆ ಮೈಯ ರೇ ಮೀನು) ಜಾತಿಯ ಹಲ್ಲಿನ ತುಂಡು ಚಪ್ಪಟೆ ಪಟ್ಟಿ, ಬುಡದಲ್ಲಿ ಉದ್ದಕ್ಕೂ ಸಾಲು ಗೀರು. ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದರೆ ಬೆಳಕು ಆ ಗೀರುಗಳ ನಡುವೆ ಹಾಯುತ್ತೆ.

ನನಗೆ ಹೆಮ್ಮೆ ಇರೋದು ಒಂದು ಉದ್ದ ಕೋರೆಯ ಬಗ್ಗೆ. ಎರಡು ಸೆಂಟಿಮೀಟರ್ ಇದ್ದೀತು. ಎಲ್ಲರೂ ಬೇರು ಮುರಿದ ಶಾರ್ಕ್ ಹಲ್ಲು ಅಂದರು. ನೋಡೋಕೆ ಹಾಗೇ ಇದೆ, ಅಲ್ವಾ? ಆದರೆ ಶಾರ್ಕಿನ ಹಲ್ಲಿಗೆ ಎರಡೂ ಬದಿ ಅಂಚು. ಇದಕ್ಕೆ ಒಂದೇ ಬದಿ ಚೂಪು, ಇನ್ನೊಂದು ಬದಿ ದುಂಡು, ಬುಡದಲ್ಲಿ ಹಲ್ಲಿಗೇ ಬೆಸೆದುಕೊಂಡ ಮೂಳೆಯ ಚೂರು. ಬಾಳೆ ಮೀನಿನ ದವಡೆ ಪಕ್ಕಕ್ಕಿಟ್ಟು ನೋಡಿದೆ, ಅಲ್ಲೂ ಹಲ್ಲು ಮೂಳೆಗೇ ಬೆಸೆದಿದೆ. ಶಾರ್ಕಿನ ಹಲ್ಲು ಹೀಗೆ ಮೂಳೆಗೆ ಬೆಸೆದಿರಲ್ಲ. ಹಾಗಾದರೆ ಇದು ಶಾರ್ಕ್ ಅಲ್ಲ, ಎಂಕೋಡಸ್ ಅನ್ನೋ, ಈಗ ಅಳಿದುಹೋದ ಉದ್ದ ಕೋರೆಯ ಮೂಳೆ ಮೀನು. ಭೂವಿಜ್ಞಾನ ಓದಿಸುವ ಪರಿಚಿತರೊಬ್ಬರು, ಮೊದಲು ನಕ್ಕವರಲ್ಲಿ ಅವರೂ ಒಬ್ಬರು, ತಿರುಗಿಸಿ ತಿರುಗಿಸಿ ನೋಡಿ ಹೂಂ ಅಂದರು. ನನ್ನ ಡಬ್ಬಿಯ ಹತ್ತರಲ್ಲಿ ಏಳೆಂಟಕ್ಕೆ ಅವರ ತಕರಾರಿಲ್ಲ.

ನಡುವೆ ಸುಮ್ನೆ ಮಾಡಿದ ಪ್ರಯೋಗಗಳೂ ಉಂಟು. ಹಳೇ ಮೂಳೆ ನಾಲಿಗೆಗೆ ಅಂಟುತ್ತೆ ಅಂತಾರಲ್ಲ, ಮೊರಾಕೊದ ಹಲ್ಲು ಒಂದೂ ಅಂಟಲಿಲ್ಲ, ಬಾಯೆಲ್ಲ ಮರಳು. ಖೋಟಾ ನೋಟು ನೋಡುವ ಯುವಿ ಟಾರ್ಚ್ ಮಾತ್ರ ಇನ್ನೂರು ರೂಪಾಯಿಗೆ ಮೋಸ ಮಾಡಲಿಲ್ಲ. ಒಂದರ ಬೇರನ್ನು ಇನ್ನೊಂದರ ಹಲ್ಲಿಗೆ ಕೂಡಿಸಿ ಮಾರುವವರಿದ್ದಾರೆ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ನನ್ನ ಹತ್ತಿರದ ಮೂರ್ನಾಲ್ಕರಲ್ಲಿ ಅಂಟಿನ ಗೆರೆ ಬೆಳ್ಳಗೆ ಹೊಳೆಯಿತು.

ಗುರುತು ಸಿಗದ ಚೂರಿಗೆ ‘ಮೀನು, ಮೂಳೆ’ ಅಂತಷ್ಟೇ ಚೀಟಿ. ಊಹಿಸಿ ಹೆಸರು ಬರೆಯಲ್ಲ. ಅಂಥವೇ ಒಂದು ಡಬ್ಬಿ ತುಂಬಿವೆ. ಮಂಗಳೂರು ಕಡೆಯಿಂದ ದೊಡ್ಡ ತೊರಕೆ ಬಂದರೆ ತಲೆ ಎತ್ತಿಡು ಅಂತ ಅಂಗಡಿಯವನಿಗೆ ಮುಂಗಡ ಕೊಟ್ಟು ಬಂದಿದ್ದೇನೆ.